ಕರಿಯನ ಐಸೂ ಆತಕೂರಿನ ಕಾಳೀನೂ

ಹೋದ ವರ್ಷ ಏಪ್ರಿಲ್‌ನಲ್ಲಿ ಒಂದಿನ ಮಧ್ಯಾಹ್ನ ತೆಂಗಿನ ತೋಟದಿಂದ ಬಂದ ನಮ್ ಕರಿಯ ಬಾಗಿಲ ಹತ್ರಾನೇ ಕುಸಿದುಬಿದ್ದ ಕಣ್ರೇ. ನಾಲಿಗೆ ಪೂರ್ತಿ ಹೊರಗೆ, ಜೊಲ್ಲು ನೂಲಿನಂಗೆ ಇಳೀತಿತ್ತು. ಮೊದ್ಲು ಓಡಿಬಂದು ಬಿಂದಿಗೆ ನೀರು ಸುರಿದೋರು ನಮ್ಮತ್ತೆ. ಆಮೇಲೆ ಒದ್ದೆ ಟವಲ್ ಹಾಕ್ಕಂಡು ಪಶು ಡಾಕ್ಟ್ರ ಹತ್ರ ಕರ್ಕಂಡು ಹೋದ್ವಿ. ಉಳ್ಕಂಡ.

ಅವತ್ತಿಂದ ಬೇಸಿಗೇಲಿ ಅವನಿಗೆ ಅಂತಾನೇ ಫ್ರಿಜ್‌ನಲ್ಲಿ ಮೊಸರು ಗಟ್ಟಿ ಮಾಡಿಡ್ತೀನಿ. ಪಕ್ಕದ ಮನೆ ಅಕ್ಕ ನಗಾಡಿದ್ರು: "ಮಕ್ಳಿಗೇ ಐಸ್ ಬೇಡ ಅಂತೀವಿ, ನಾಯಿಗೆ ಐಸಾ? ಯಾವ ಕಾಲ ಬಂತಮ್ಮ!" ಅವರ ಮಾತು ಮನಸ್ಸಲ್ಲೇ ಉಳೀತು. ಹಿಂದಿನ ಕಾಲದೋರು ನಾಯೀನ ಹೆಂಗೆ ನೋಡ್ಕಂತಿದ್ರು ಅಂತ ಹುಡುಕ್ತಾ ಹೋದೆ.

ನಮ್ ಬೇಲೂರು ದೇವಸ್ಥಾನ 1117ರದ್ದು. ಅರಸೀಕೆರೆ ಈಶ್ವರ ದೇವಸ್ಥಾನ 1220ರದ್ದು. ಇವೆರಡಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೇದು, ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಅದರ ಕಾಲ ಸುಮಾರು 949–50. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಸೇರಿ ಚೋಳರನ್ನ ಸೋಲಿಸಿದ್ರು, ಚೋಳ ರಾಜಾದಿತ್ಯ ಸತ್ತ. ಆ ಯುದ್ಧದಲ್ಲಿ ಮಣಲೆರ ಅನ್ನೋ ವೀರ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ, ಏನು ಬೇಕು ಕೇಳು ಅಂದ. ಮಣಲೆರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿ! ಆಮೇಲೆ ಒಂದು ಬೇಟೇಲಿ ಕಾಳಿ ದೊಡ್ಡ ಹಂದಿ ಮೇಲೆ ಬಿತ್ತು. ಹಂದೀನೂ ಸತ್ತಿತು, ಕಾಳೀನೂ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡೋದನ್ನ ಕೆತ್ತಿಸಿ, ಪೂಜೆಗೆ ಅಂತ ಭೂಮೀನೂ ಬಿಟ್ರು. ಅಲ್ಲಿ ಇನ್ನೊಂದು ಮಾತು ಐತೆ: ಆ ಭೂಮಿ ನೋಡ್ಕಳ್ಳೋ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ಅವನಿಗೆ ಪಾಪ ಸುತ್ಕಳ್ತದೆ. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಬ್ಬನ್ ಪಾರ್ಕ್ ಕಡೆ ಹೋದಾಗ ನೋಡ್ಕಂಡು ಬನ್ನಿ.

ಗೊರವರು ಅಂದ್ರೆ ನಮಗೂ ಗೊತ್ತಲ್ಲ, ಕಪ್ಪು ಕಂಬಳಿ ನಿಲುವಂಗಿ ಹಾಕ್ಕಂಡು ಡಮರು ಬಾರಿಸ್ತಾ ಬರೋ ಮೈಲಾರಲಿಂಗನ ಗೊರವಯ್ಯಗಳು. ದೋಣಿ ಸೇವೇಲಿ ಅವರು ದೇವರ ನಾಯಿಗಳಾಗಿ ಬೊಗಳ್ತಾ, ದೋಣೀಲಿಟ್ಟ ಹಾಲು ಬಾಳೆಹಣ್ಣಿಗೆ ಬಾಯಿ ಹಾಕಿ ತಿಂತಾರೆ. ನಾಯಿಗೆ ಬಾಳೆಹಣ್ಣು ಕೊಡೋದು ನಾನು ಕಂಡುಹಿಡಿದ ಫ್ಯಾಷನ್ ಅಲ್ಲ ನೋಡಿ.

ಐಸು ಮಾತ್ರ ಹೊಸದು. 1833ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಹಡಗಲ್ಲಿ ಕಲ್ಕತ್ತಾಗೆ ಐಸ್ ಬಂತು. ಮದ್ರಾಸಲ್ಲಿ ಅದನ್ನ ಇಡೋಕೆ ಕಟ್ಟಿದ ಐಸ್ ಹೌಸೇ ಇವತ್ತಿನ ವಿವೇಕಾನಂದ ಭವನ. ನಮ್ ಅಜ್ಜಿ ಕಾಲದ ನಾಯಿಗಳಿಗೆ ಐಸೆಲ್ಲಿ? ಬಚ್ಚಲ ನೀರು ಹರಿಯೋ ಕಡೆ ಮಣ್ಣು ಕೆರೆದು ಮಲಗ್ತಿದ್ವು, ಬಾನಿ ನೆರಳಲ್ಲಿ ಒರಗ್ತಿದ್ವು. ನಮಗೆ ಮೈಯೆಲ್ಲ ಬೆವರ್ತದೆ. ನಾಯಿ ಬೆವರೋದು ಪಾದದಲ್ಲಿ ಒಂಚೂರು, ಉಳಿದಿದ್ದೆಲ್ಲ ಏದುಸಿರು ಬಿಟ್ಟೇ ತಣ್ಣಗಾಗಬೇಕು. ಈಗ ಅಂಗಳಕ್ಕೆಲ್ಲ ಸಿಮೆಂಟು ಹಾಕ್ಸಿದೀವಿ, ಕೆರೆಯೋಕೆ ಮಣ್ಣೇ ಇಲ್ಲ. ಅದನ್ನ ಕಿತ್ಕಂಡೋರು ನಾವೇ ಅಂದ್ಮೇಲೆ ಬದಲಿಗೆ ಏನಾದ್ರೂ ಕೊಡಬೇಕಲ್ವಾ?

ನಾನು ಮಾಡೋದು ಹಿಂಗೆ. ಒಂದು ಲೋಟ ಹುಳಿಯಿಲ್ಲದ ಮೊಸರು, ಒಂದು ಕಳಿತ ಬಾಳೆಹಣ್ಣು, ಎರಡು ಚಮಚ ತುರಿದ ಕ್ಯಾರೆಟ್ ಕಿವುಚಿ, ತೊಳೆದ ತೆಂಗಿನ ಕರಟಕ್ಕೆ ಸುರಿದು ಫ್ರೀಜರಲ್ಲಿ ರಾತ್ರಿಯೆಲ್ಲ ಇಡ್ತೀನಿ. ಕೊಡುವಾಗ ಕರಟದಿಂದ ಬಿಡಿಸಿ ತಟ್ಟೇಲಿ ಇಡಿ, ಇಲ್ಲಾಂದ್ರೆ ಕರಟಾನೇ ಕಡಿದು ನುಂಗ್ತವೆ. ಮೊಸರು ಒಗ್ಗದ ನಾಯಿಗೆ ಬೀಜ ತೆಗೆದ ಕಲ್ಲಂಗಡಿ ಕಿವುಚಿ ಗಟ್ಟಿ ಮಾಡಿ. ತೆಳ್ಳಗಿನ ರಾಗಿ ಅಂಬಲೀನೂ ಆಗ್ತದೆ, ಆದ್ರೆ ನಮಗೆ ಹಾಕ್ಕಳ್ಳೋ ಈರುಳ್ಳಿ, ಉಪ್ಪು ಬೇಡ. ಸಕ್ಕರೆ, ಬೆಲ್ಲ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಅಂತೂ ನಾಯಿಗೆ ವಿಷ. ಮೊದಲ ಸಲ ಒಂದು ಚಮಚದಷ್ಟು ಕೊಟ್ಟು ನೋಡಿ.

ಇನ್ನೊಂದು ಮಾತು. ಬಿಸಿಲಿಗೆ ಕುಸಿದ ನಾಯಿಗೆ ಐಸ್ ತಿನ್ನಿಸೋಕೆ ಹೋಗಬೇಡಿ. ನೆರಳಿಗೆ ತಂದು, ಮೈಮೇಲೆ ನೀರು ಹಾಕಿ ಗಾಳಿ ಬೀಸ್ತಾ ಡಾಕ್ಟ್ರ ಹತ್ರ ಓಡಿ. ಐಸು ಚೆನ್ನಾಗಿರೋ ನಾಯಿಗೆ ಮಾತ್ರ.

ಆತಕೂರಿನ ಕತೇನ ಅತ್ತೆಗೆ ಹೇಳ್ದೆ. ಸುಮ್ನೆ ಕೇಳಿಸ್ಕಂಡ್ರು. ಮಾರನೇ ದಿನ ಮಧ್ಯಾಹ್ನ ಮುದ್ದೆ ಬಡಿಸೋಕೆ ಹೋದ್ರೆ, ತಟ್ಟೆ ಪಕ್ಕಕ್ಕೆ ಸರಿಸಿ ಅಂದ್ರು: "ತಡೀ, ಮೊದ್ಲು ಕರಿಯಂದು ತಗಂಬಾ."