ಮೂರು ನಿಮಿಷದ ತಟ್ಟೆಯೂ ನಮ್ಮ ಬುಲಾಯಿ ಪದವೂ

ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯ ಗುಡಿಗೆ ನನ್ನೊಡನೆ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳಿಗೆ ಈ ಪ್ರಸಂಗ ನೆನಪಿರಬಹುದು. ಹೊರಗೋಡೆಯ ಮದನಿಕೆಯರನ್ನು ತೋರಿಸುತ್ತ, ಆರನೆಯ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಾಸನಬಾಲೆಯ ಮುಂದೆ ನಾನು ಪಾಠ ಹೇಳುತ್ತಿದ್ದೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು, “ಸರ್, ಇವ್ರೆಲ್ಲ ಯಾವ ಹಾಡಿಗಿ ಕುಣಿಲತ್ತಾರ್ರಿ?” ಎಂದು ಕೇಳಿದಳು. ಅಂದು ನಕ್ಕು ಮುಂದೆ ಸಾಗಿದೆ. ಚರಿತ್ರೆಯ ಶಿಕ್ಷಕನಾಗಿ ನಾನು ಎದುರಿಸಿದ ಪ್ರಶ್ನೆಗಳಲ್ಲಿ ಅದಕ್ಕಿಂತ ಕಠಿಣವಾದದ್ದು ಮತ್ತೊಂದಿಲ್ಲ.

ಭಂಗಿಯನ್ನು ಕಲ್ಲು ಕಾಯ್ದಿರಿಸಿತು. ಹಾಡಿನ ಹೆಸರನ್ನು ಗ್ರಂಥ ಕಾಯ್ದಿರಿಸಿತು. ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸಂಗೀತ ನೃತ್ಯಗಳಿಗೆ ವಿಸ್ತಾರವಾದ ಸ್ಥಾನವಿದೆ, ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಹಾಡುವ ಓವಿಯನ್ನೂ ಆ ಚಕ್ರವರ್ತಿ ಮರೆತಿಲ್ಲ. ಮುಂದೆ ಹದಿಮೂರನೆಯ ಶತಮಾನದಲ್ಲಿ ಕಾಕತೀಯರ ಜಾಯಸೇನಾಪತಿ ತನ್ನ ‘ನೃತ್ತರತ್ನಾವಳಿ’ಯಲ್ಲಿ, ಕಲ್ಯಾಣದ ಉತ್ಸವವೊಂದರಲ್ಲಿ ಬೇಡಿತಿಯ ಕುಣಿತವನ್ನು ಕಂಡು ಸೋಮೇಶ್ವರನು ಗೊಂಡಲಿ ನೃತ್ಯವನ್ನು ರೂಪಿಸಿದನೆಂದು ಹೇಳುತ್ತಾನೆ. ನಾವು ತರಕಾರಿ ಕೊಳ್ಳಲು ಹೋಗುವ ಬಸವಕಲ್ಯಾಣದ ಬೀದಿಗಳಲ್ಲಿ ನಡೆದ ಸಂಗತಿಯಿದು! ಆದರೆ ಆ ಬೇಡಿತಿಯ ದನಿ?

ದನಿಯನ್ನು ಹಿಡಿಯುವ ಯಂತ್ರ ಭಾರತಕ್ಕೆ ಬಂದು ವಾಣಿಜ್ಯ ಮುದ್ರಣ ಆರಂಭಿಸಿದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದ ವರ್ಷವದು. ಅರಗಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ರಾಗ ಹರಡುತ್ತಿದ್ದ ಉಸ್ತಾದರು ಅಷ್ಟರೊಳಗೆ ರಾಗದ ಸಾರವನ್ನು ಹಿಂಡಿಕೊಡಲು ಕಲಿತರು. ಕೇಳುವ ಸಂಗೀತಕ್ಕೆ ಅದು ಒಪ್ಪಿತು. ಕುಣಿಯುವ ಸಂಗೀತಕ್ಕೆ?

ನಮ್ಮ ಬುಲಾಯಿ ಪದವನ್ನೇ ನೋಡಿ. ದಸರೆ ಕಳೆದು ಶೀಗಿ ಹುಣ್ಣಿಮೆಯ ಬೆಳುದಿಂಗಳು ಬಂತೆಂದರೆ ನಮ್ಮ ಓಣಿಯ ಹೆಣ್ಣುಮಕ್ಕಳು ವರ್ತುಲವಾಗಿ ನಿಂತು, ಬಾಗಿ ಚಪ್ಪಾಳೆ ತಟ್ಟುತ್ತ ಸುತ್ತುತ್ತಿದ್ದರು. ಒಬ್ಬಳು ಎತ್ತಿಕೊಟ್ಟ ನುಡಿಯನ್ನು ಉಳಿದವರು ಹೇಳಬೇಕು. ವಾದ್ಯವಿಲ್ಲ, ಅಂಗೈಯೇ ತಾಳ. ಮುಸುರೆ ತಿಕ್ಕಿ ತಡವಾಗಿ ಬಂದ ಸೊಸೆ ಕೈ ಒರೆಸಿಕೊಳ್ಳುತ್ತ ಸೇರಿಕೊಂಡರೆ ಪದಕ್ಕೆ ಇನ್ನೆರಡು ನುಡಿ ಬೆಳೆಯುತ್ತಿದ್ದವು. ಹಾಡು ಎಷ್ಟು ಉದ್ದವೆಂಬುದನ್ನು ಕಾಲುಗಳು ನಿರ್ಧರಿಸುತ್ತಿದ್ದವು.

ಅಮೆರಿಕದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯ ನ್ಯೂ ಇಂಗ್ಲೆಂಡ್ ಸೀಮೆಯ ‘ಕಾಂಟ್ರಾ’ ಎಂಬ ಕುಣಿತವನ್ನು ನೋಡಿ ಬಂದು, “ಸರ್, ಇದು ನಮ್ಮ ಬುಲಾಯಿನೇ” ಎಂದು ದೂರವಾಣಿಯಲ್ಲಿ ಹೇಳಿದ್ದ. ಪೂರ್ತಿ ನಿಜವಲ್ಲ, ಅಲ್ಲಿ ಜೋಡಿಗಳು ಉದ್ದನೆಯ ಸಾಲುಗಳಲ್ಲಿ ಎದುರುಬದುರು ನಿಲ್ಲುತ್ತಾರೆ. ಪಿಟೀಲುಗಾರ ಒಂದೇ ಮಟ್ಟನ್ನು ಮತ್ತೆ ಮತ್ತೆ ನುಡಿಸುತ್ತಾನೆ, ಪ್ರತಿ ಸುತ್ತಿಗೂ ಜೋಡಿಗಳು ಸ್ಥಾನ ಬದಲಿಸುತ್ತ ಸಾಗುತ್ತವೆ. ಸಾಲು ಉದ್ದವಾದಷ್ಟೂ ಸುತ್ತುಗಳು ಹೆಚ್ಚು. ಮೇನ್ ರಾಜ್ಯದ ಮೆಲಿ ಡನ್‌ಹ್ಯಾಮ್ ಎಂಬ ಎಪ್ಪತ್ತು ದಾಟಿದ ಪಿಟೀಲುಗಾರ, ಹಿಮದ ಮೇಲೆ ನಡೆಯುವ ಪಾದುಕೆ ಮಾಡುವ ಕಸುಬಿನವನು, ಮೋಟಾರು ದೊರೆ ಹೆನ್ರಿ ಫೋರ್ಡನ ಆಹ್ವಾನದಿಂದ ಪ್ರಸಿದ್ಧನಾಗಿ 1926ರಲ್ಲಿ ವಿಕ್ಟರ್ ಕಂಪನಿಗೆ ನುಡಿಸಿದ. ಅಲ್ಲಿಯೂ ಅದೇ ಮೂರು ನಿಮಿಷ. ಸಾಲಿನ ಕೊನೆಯ ಜೋಡಿಗೆ ಸರದಿ ಬಂದಿತೋ ಇಲ್ಲವೋ, ತಟ್ಟೆ ನೋಡಬಲ್ಲುದೇ?

ಈ ಕಷ್ಟವನ್ನು ನಾನು ಸ್ವತಃ ಅನುಭವಿಸಿದೆ. ಅವ್ವ ತೀರಿದ ವರ್ಷ, 1986ರಲ್ಲಿ, ಗೆಳೆಯನಿಂದ ಟೇಪ್ ರೆಕಾರ್ಡರ್ ಎರವಲು ತಂದು ನಮ್ಮ ಚಿಗವ್ವನನ್ನು ಪಡಸಾಲೆಯಲ್ಲಿ ಕೂಡ್ರಿಸಿ ಹಾಡಲು ಹೇಳಿದೆ. ಮೂರನೆಯ ನುಡಿಗೆ ಮರೆತಳು. ಊರಿಗೆಲ್ಲ ಪದ ಎತ್ತಿಕೊಡುವವಳು! “ಕುಂತ ಹಾಡಂದ್ರ ಹೆಂಗ ಬರ್ತದ ತಮ್ಮಾ? ಕಾಲ ಆಡಬೇಕು” ಎಂದಳು. ಆಕೆಯ ಮಾತು ಸರಿಯಿತ್ತು. ಹುಣ್ಣಿಮೆಯ ರಾತ್ರಿ ಅಂಗಳದ ನಡುವೆ ಒರಳಿನ ಮೇಲೆ ಯಂತ್ರವಿಟ್ಟೆ. ಪದ ಹೊಳೆಯಂತೆ ಹರಿಯಿತು. ಚಿಗವ್ವ ಅಕ್ಕನ ಹೆಸರನ್ನು ಪದದಲ್ಲಿ ಸೇರಿಸಿ ಎತ್ತಿಕೊಟ್ಟಾಗಲೇ ಅರ್ಧ ಗಂಟೆಯ ಬದಿ ಮುಗಿದು ಯಂತ್ರ ಟಕ್ಕೆಂದು ನಿಂತಿತು. ಕತ್ತಲಲ್ಲಿ ತಡಕಾಡಿ ಕ್ಯಾಸೆಟ್ಟು ಹೊರಳಿಸುವಷ್ಟರಲ್ಲಿ ಆ ನುಡಿ ದಾಟಿ ಹೋಗಿತ್ತು. ನಿಲ್ಲಿಸಿ ಇನ್ನೊಮ್ಮೆ ಹಾಡಿ ಎನ್ನಲು ನಾಲಗೆ ಬರಲಿಲ್ಲ; ಹೆಂಗಸರು ಅಳುತ್ತಲೇ ಸುತ್ತುತ್ತಿದ್ದರು.

ಇಂಥ ಕೆಲಸವನ್ನು ವಿದ್ವಾಂಸರು ಬಹು ಹಿಂದೆಯೇ ಕೈಗೊಂಡಿದ್ದರು. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ದಕ್ಷಿಣ ಭಾರತವನ್ನು ಸುತ್ತಿ ಹಾಡುಗಳನ್ನು ಮುದ್ರಿಸಿ, ಕುಣಿತಗಳ ಮೂಕಚಿತ್ರ ತೆಗೆದರು. 46 ವರ್ಷಗಳ ನಂತರ, 1984ರಲ್ಲಿ, ನಝೀರ್ ಜೈರಾಝ್‌ಭಾಯ್ ಮತ್ತು ಆಮಿ ಕ್ಯಾಟ್ಲಿನ್ ಆ ಮುದ್ರಿಕೆಗಳನ್ನು ಹೊತ್ತು ಕರ್ನಾಟಕ, ಕೇರಳ, ತಮಿಳುನಾಡಿನ ಅದೇ ಊರುಗಳಿಗೆ ಮರಳಿದರು. ಸಂಗ್ರಹಿಸಿದ್ದಕ್ಕಿಂತ ಹಿಂದಕ್ಕೆ ಒಯ್ದು ಕೇಳಿಸಿದ್ದನ್ನೇ ನಾನು ಹೆಚ್ಚಿನದೆಂದು ಎಣಿಸುತ್ತೇನೆ.

ಈಗ ಮೆರವಣಿಗೆಗಳಲ್ಲಿ ಡಿಜೆ ಪೆಟ್ಟಿಗೆಗಳು ಮುಗಿಯದೆ ಮೊರೆಯುತ್ತವೆ. ಮೂರು ನಿಮಿಷದ ಕಟ್ಟು ಹರಿದಿದೆ, ನಿಜ. ಆದರೆ ತಡವಾಗಿ ಬಂದ ಸೊಸೆಗಾಗಿ ನುಡಿ ಬೆಳೆಸುವ ಬುದ್ಧಿ ಆ ಪೆಟ್ಟಿಗೆಗಿಲ್ಲ. (ನನ್ನ ಕಿವಿಯ ಯಂತ್ರವನ್ನು ಆಗ ತೆಗೆದಿಡುತ್ತೇನೆಂಬುದು ಬೇರೆ ಮಾತು.)

ಆ ಕ್ಯಾಸೆಟ್ಟನ್ನು ಮೊಮ್ಮಗ ಈಚೆಗೆ ಕಂಪ್ಯೂಟರಿಗೆ ಇಳಿಸಿಕೊಟ್ಟಿದ್ದಾನೆ. ವರ್ತುಲ ತಿರುಗಿದಂತೆ ದನಿಗಳು ಹತ್ತಿರ ಬಂದು ದೂರ ಹೋಗುತ್ತವೆ. ಬಳೆ, ಚಪ್ಪಾಳೆ, ಎಲ್ಲೋ ಒಂದು ಕೂಸಿನ ಅಳು. ಹಿಮ್ಮೇಳದಲ್ಲಿ ಐದು ದನಿಗಳನ್ನು ಗುರುತಿಸಿದ್ದೇನೆ. ಉಳಿದವನ್ನು ಗುರುತಿಸಬಲ್ಲ ಹಿರಿಯರು ಹುಮನಾಬಾದಿನಲ್ಲಿಯೂ ಕಲ್ಯಾಣದಲ್ಲಿಯೂ ಇನ್ನೂ ಇದ್ದಾರೆ. ಬಂಧುಗಳು ಕೇಳಿದರೆ ಪ್ರತಿ ಕಳಿಸುತ್ತೇನೆ. ನಿಮ್ಮ ಮನೆಯ ಅಜ್ಜಿಯರಿಗೆ ಕೇಳಿಸಿ, ಅವರು ಹೇಳಿದ ಹೆಸರುಗಳನ್ನು ಬರೆದು ತಿಳಿಸಿರಿ. ಅವ್ವನ ಹೆಸರಿದ್ದ ಆ ನುಡಿ ಯಾರಿಗಾದರೂ ಬಾಯಿಗೆ ಬಂದರೆ, ಅದನ್ನೂ.