‘ಯಾವೂರಾತ್ರೀ?’ ಎಂಬ ಪ್ರಶ್ನೆಯ ಮರ್ಯಾದೆ

ಹಿರೇಕೆರೂರು ತಾಲ್ಲೂಕಿನ ಕನ್ನಡ ಅಧ್ಯಾಪಕರೊಬ್ಬರು ಬರೆದಿರುವ ಪತ್ರವು, ಉತ್ತರಿಸಲು ಅತ್ಯಂತ ಸುಲಭವೆಂದು ತೋರಿದ ಕಾರಣದಿಂದಲೇ, ಬಹುಕಾಲ ನನ್ನ ಮೇಜಿನ ಮೇಲೆ ಉಳಿಯಿತು. ವಿದ್ಯಾರ್ಥಿಗಳು ಊರ ಹಿರಿಯರನ್ನು ಕಂಡು ಹಳೆಯ ಸಂಗತಿಗಳನ್ನು ಬರೆದುಕೊಳ್ಳಬೇಕೆಂದು ಏರ್ಪಾಡಾಗಿ, ಅದಕ್ಕಾಗಿ ಮಕ್ಕಳೇ ರಚಿಸಿದ ಪ್ರಶ್ನಾವಳಿಯ ಮೊದಲನೆಯ ವಾಕ್ಯ “ನೀವು ಯಾವ ಊರಿನವರಾಗಿದ್ದೀರಿ?” ಎಂದಿತ್ತಂತೆ. ಇದನ್ನು ಕೇಳಿದ ವೃದ್ಧರೊಬ್ಬರು ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ತಮ್ಮಾ, ಫೌಜದಾರನ ಮಗನೇನು ನೀ?” ಎಂದರಂತೆ. ದೋಷವು ಕಾಲದಲ್ಲಿದೆಯೋ ಸರ್ವನಾಮದಲ್ಲಿದೆಯೋ ಎಂಬುದು ಅಧ್ಯಾಪಕರ ಸಂಶಯ.

ಎರಡರಲ್ಲಿಯೂ ಇದೆ ಎಂಬುದು ನನ್ನ ಅಭಿಪ್ರಾಯ. ‘ಅವರು ಮಾಸೂರಿನವರು’ ಎಂದರೆ ಕನ್ನಡದಲ್ಲಿ ವಾಕ್ಯವು ಪೂರ್ಣವಾಯಿತು. ಅದಕ್ಕೆ ಬಾಲವಾಗಿ ‘ಆಗಿದ್ದಾರೆ’ ಎಂಬುದನ್ನು ಕಟ್ಟುವ ಚಟವು ಪಠ್ಯಪುಸ್ತಕ, ವಾರ್ತಾಪ್ರಸಾರ, ಸರಕಾರಿ ಪ್ರಕಟಣೆಗಳ ಮೂಲಕ ಹಬ್ಬಿ, ಈಗ ಮಕ್ಕಳ ಬಾಯಿಗೂ ಬಂದಿದೆ. ‘ಊರಿನವರಾಗಿದ್ದೀರಿ’ ಎಂದೊಡನೆ, ಇಂದು ಈ ಊರಿನವರಾಗಿರುವ ನೀವು ನಾಳೆ ಇನ್ನೊಂದೂರಿನವರಾಗಬಲ್ಲ ಗುಮಾನಿಯ ಮನುಷ್ಯರೆಂಬ ಧ್ವನಿ ಹೊರಡುವುದನ್ನು ಆ ವೃದ್ಧರ ಕಿವಿ ಒಡನೆಯೇ ಗ್ರಹಿಸಿತು. ಆ ಸೀಮೆಯಲ್ಲಿ ಅಪರಿಚಿತರನ್ನು ಕೇಳುವ ರೀತಿಯೇ ಬೇರೆ: “ಯಾವೂರಾತ್ರೀ?” ಊರು ಇಂದಿಗೂ ಇದ್ದಲ್ಲಿಯೇ ಇದ್ದರೂ, ಪ್ರಶ್ನೆಯಲ್ಲಿ ಮಾತ್ರ ಅದು ‘ಆಯಿತು’.

ಕನ್ನಡದ ಸಭ್ಯವಾದ ಪ್ರಶ್ನೆಯು ಎರಡು ದಿಕ್ಕುಗಳಿಗೆ ಓಡುತ್ತದೆ ಎಂಬುದು ನಾನು ಬಹುಕಾಲದಿಂದ ಸಾಕಿಕೊಂಡು ಬಂದಿರುವ ಸಿದ್ಧಾಂತ. ಕಾಲದಲ್ಲಿ ಅದು ಹಿಂದಕ್ಕೆ, ಭೂತಕಾಲಕ್ಕೆ ಸರಿಯುತ್ತದೆ; ಪುರುಷದಲ್ಲಿ ಎದುರಿಗಿರುವವರನ್ನು ಬಿಟ್ಟು ನಪುಂಸಕದ ಮರೆಗೆ ಹೋಗುತ್ತದೆ. ಬಾಗಿಲಲ್ಲಿ ನಿಂತವರನ್ನು “ಯಾರು ಬೇಕಾಗಿತ್ತು?” ಎನ್ನುವೆವಲ್ಲದೆ “ಯಾರು ಬೇಕು?” ಎಂದು ಮುಖಕ್ಕೆ ಹೊಡೆದಂತೆ ಕೇಳುವುದಿಲ್ಲ, ಹೆಸರನ್ನು ಇನ್ನೂ ಹೇಳದವರನ್ನೂ “ಹೆಸರೇನಂದ್ರಿ?” ಎಂದು, ಅವರು ಹೇಳಿಯಾಗಿತ್ತು, ಕೇಳಿಸದಿದ್ದುದು ನಮ್ಮ ಕಿವಿಯ ದೋಷ ಎಂಬ ಭಾವದಿಂದ ಕೇಳುವೆವು. “ಊಟಾತ್ರೀ?” ಎಂಬಲ್ಲಿ ಉಣ್ಣುವವರೇ ಇಲ್ಲ, ಊಟವು ತಾನಾಗಿ ಆಗಿಬಿಟ್ಟಿದೆ. ಧಾರವಾಡದ ಹಿರಿಯರು “ಯಾವಾಗ ಬರೋಣಾತು?” ಎಂದು ಅತಿಥಿಯನ್ನು ವಿಚಾರಿಸುವಾಗ, ಬಂದವರು ಯಾರೆಂಬುದನ್ನೇ ಕ್ರಿಯಾಪದವು ಸವಿನಯವಾಗಿ ಮರೆತಿರುತ್ತದೆ.

ಭೂತಕಾಲಕ್ಕೆ ಈ ಸೌಜನ್ಯವು ಎಲ್ಲಿಂದ ಬಂದಿತೆಂಬುದನ್ನು ಗಾದೆಗಳಲ್ಲಿ ಹುಡುಕಬೇಕು. ‘ಬಾಯಿದ್ದವ ಬರಗಾಲದಲ್ಲೂ ಬದುಕಿದ’ ಎಂಬುದನ್ನೇ ನೋಡಿರಿ. ಬದುಕುವನು ಎಂದಿಲ್ಲ, ಬದುಕಬಲ್ಲನು ಎಂದೂ ಇಲ್ಲ, ‘ಬದುಕಿದ’. ಕುಣಿಯಲಾರದವಳೂ ಹೀಗೆಯೇ ನೆಲ ಡೊಂಕೆಂದು ‘ಅಂದಳು’. ನಮ್ಮ ಗಾದೆಯು ಭವಿಷ್ಯ ನುಡಿಯುವುದಿಲ್ಲ, ಸಾಕ್ಷಿ ಹೇಳುತ್ತದೆ; ಆಗಿಹೋದದ್ದರ ಬಗೆಗೆ ಯಾರೂ ಜಗಳಕ್ಕೆ ನಿಲ್ಲುವುದಿಲ್ಲವಾದ್ದರಿಂದ ಅದರ ಮಾತಿನಲ್ಲಿ ಒತ್ತಾಯವೂ ಇಲ್ಲ. ಆದರೆ ಈ ಬಾಯಿದ್ದವನು ಬದುಕಿದ್ದಾದರೂ ಹೇಗೆ? 1876ರಿಂದ 78ರವರೆಗೆ ನಾಡನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳಂಥ ಬರದಲ್ಲಿ, ಮನೆಮನೆಯ ಮುಂದೆ ನಿಂತು “ಅನ್ನ ಕೊಡು” ಎಂದವನಿಗೆ ಅನ್ನ ಹುಟ್ಟಿರಲಾರದು. ಅವನು ಜಗಲಿಯ ಬಳಿ ನಿಂತು ಮನೆಯ ಯಜಮಾನನನ್ನು “ಊಟಾತ್ರೀ?” ಎಂದು ಕೇಳಿರಬೇಕು, ಕೇಳಿಸಿಕೊಂಡವನು ಲೋಕಮರ್ಯಾದೆಗೆ ಸಿಲುಕಿ “ನಿಮ್ಮದು?” ಎಂದಿರಬೇಕು; ಆ ಮೇಲಿನ ಮೌನವು ಉಳಿದ ಕೆಲಸವನ್ನು ಮಾಡಿರಬೇಕು. ಬೇಡುವ ಮಾತನ್ನು ಕ್ಷೇಮ ವಿಚಾರಿಸುವ ಮಾತಾಗಿ ತಿರುಗಿಸುವ ಶಕ್ತಿ ‘ಆತು’ ಎಂಬ ಎರಡಕ್ಷರಕ್ಕೆ ಇದ್ದುದರಿಂದ, ಗಾದೆಯು ಹೊಗಳುವ ಬಾಯಿ ದೊಡ್ಡ ಬಾಯಲ್ಲ, ಕಾಲವನ್ನು ಬಲ್ಲ ಬಾಯಿ ಎಂದೇ ನಾನು ಅರ್ಥಮಾಡುವೆನು.

ಸರ್ವನಾಮದ ಕೆಲಸವನ್ನು ಆ ಕಡೆ ‘ರೀ’ ವಹಿಸಿಕೊಂಡಿದೆ. ಬರ್ರಿ, ಹೇಳ್ರಿ, ಕೂಡ್ರಿ ಎಂಬ ವಿಧಿರೂಪಗಳ ಕೊನೆಯಿಂದ ಕಳಚಿಕೊಂಡ ಪ್ರತ್ಯಯವೇ ಹೌದ್ರೀ, ಇಲ್ರೀ, ಯಾಕ್ರೀ ಎಂದು ಸಿಕ್ಕ ಸಿಕ್ಕ ಪದದ ಮೇಲೆ ಏರಿ ಕುಳಿತಿದೆ ಎಂಬುದು ನನ್ನ ಹಟ. ಪಂಡಿತರು ಒಪ್ಪಲಿ, ಬಿಡಲಿ. ಮರ್ಯಾದೆಯೆಲ್ಲವೂ ವಾಕ್ಯದ ತುದಿಯಲ್ಲಿ ಸಂದಾಯವಾಗುವಾಗ, ಮೊದಲಲ್ಲಿಯೇ ‘ನೀವು’ ಎಂದು ನಿಲ್ಲಿಸುವುದು ಬಹುವಚನವಾದರೂ ಬೆರಳು ತೋರಿಸಿದಂತೆಯೇ. ಫೌಜದಾರನ ನೆನಪು ಬಂದದ್ದು ಅಲ್ಲಿಂದ.

ಗ್ರಂಥದ ಕನ್ನಡವನ್ನು ಕಣ್ಣುಮುಚ್ಚಿ ನೆಚ್ಚಲಾಗದೆಂಬುದಕ್ಕೆ ಹಿರೇಕೆರೂರೇ ನಿದರ್ಶನ. ಅಲ್ಲಿ “ಅಂವ ಬಂದಾನ?” ಎಂದರೆ ಬಂದಿರುವನೇ ಎಂದರ್ಥ, ಪುಸ್ತಕದಲ್ಲಿ “ಬಂದಾನೇ?” ಎಂದರೆ ಬರುವನೋ ಇಲ್ಲವೋ ಎಂಬ ಅನುಮಾನ. ಒಂದೇ ರೂಪವು ಒಂದೆಡೆ ಬಂದವನ ಸುದ್ದಿ, ಇನ್ನೊಂದೆಡೆ ಬಾರದವನ ಶಂಕೆ! ಆಂಗ್ಲರ ದಾಖಲೆಗಳಲ್ಲಿ ಕೋಡ ತಾಲ್ಲೂಕೆನಿಸಿ ಮುಂಬಯಿ ಆಡಳಿತಕ್ಕೆ ಸೇರಿದ್ದ ಈ ಪ್ರದೇಶಕ್ಕೂ, ಮೈಸೂರಿಗೆ ಸೇರಿದ್ದ ನೆರೆಯ ಶಿಕಾರಿಪುರಕ್ಕೂ ನಡುವೆ ಇದ್ದ ಗಡಿಯು 1956ರ ನವೆಂಬರ್ 1ರಂದು ಅಳಿಯಿತು. ಕ್ರಿಯಾಪದದ ಗಡಿಯನ್ನು ಯಾವ ಕಾಯಿದೆಯೂ ಅಳಿಸಲಿಲ್ಲ.

ಇಷ್ಟು ಸೂಕ್ಷ್ಮವುಳ್ಳ ಭಾಷೆಯಲ್ಲಿ ಹಣ ಕೊಡುವ ಯಂತ್ರವು ಇಂದು “ನೀವು ರಸೀದಿಯನ್ನು ಬಯಸುವಿರಾ?” ಎಂದು ಕೇಳುತ್ತಿದೆ. ಬಸುರಿಯ ಬಯಕೆಯನ್ನು ಬಲ್ಲ ನಾಡಿನಲ್ಲಿ ರಸೀದಿಯ ಬಯಕೆಯನ್ನು ಕೇಳಿದವರಿಲ್ಲ. “ರಸೀದಿ ಬೇಕಾಗಿತ್ತೇ?” ಎಂದರೆ ಸಾಲದೇ?

ಹಾಗೆಂದು ಎಲ್ಲರನ್ನೂ ದೂರ ನಿಲ್ಲಿಸಿಯೇ ಮಾತನಾಡಿಸಬೇಕೆಂದಲ್ಲ. ವಚನಕಾರರಿಗೆ ದೇವರು ‘ನೀನು’. ನಮ್ಮಲ್ಲಿ ಬಹುಮಂದಿಗೆ ತಾಯಿಯೂ ‘ನೀನು’. ಅಬಲೂರು, ಮಾಸೂರುಗಳೆರಡೂ ತಮ್ಮವನೆಂದು ಹೇಳಿಕೊಳ್ಳುವ, 1924ರಲ್ಲಿ ಉತ್ತಂಗಿ ಚನ್ನಪ್ಪನವರು ಯಾರ ವಚನಗಳನ್ನು ಸಂಗ್ರಹಿಸಿ ಅಚ್ಚು ಮಾಡಿಸಿದರೋ ಆ ಸರ್ವಜ್ಞನನ್ನು ಆ ಸೀಮೆಯ ರೈತನು ಇಂದಿಗೂ “ಸರ್ವಜ್ಞ ಏನ್ ಹೇಳ್ಯಾನ?” ಎಂದೇ ಕೇಳುವನು, ವೇದಿಕೆಯ ಮೇಲಿನವರು ಮಾತ್ರ ‘ಸರ್ವಜ್ಞರವರು ಹೇಳಿದ್ದಾರೆ’ ಎನ್ನುವರು. ಮನೆಯವನನ್ನು ಬಹುವಚನದಲ್ಲಿ ಕರೆದರೆ ಅವನು ನೆಂಟನಾಗುವನು, ನೆಂಟನ ಮಾತನ್ನು ತಲೆದೂಗಿ ಕೇಳಿ ಮರೆಯುವುದು ಸುಲಭ. ಆದುದರಿಂದ ಈ ಒಂದು ವಿಷಯದಲ್ಲಿ ಮಕ್ಕಳು ವೇದಿಕೆಯವರನ್ನು ಬಿಟ್ಟು ರೈತನನ್ನು ಅನುಸರಿಸುವುದೇ ಲೇಸು.