ಬೀಗ ಹಾಕಿದ ಹೊತ್ತಿನ ಶಾಲೆ: ಐಗಳಿ ಸೀಮೆಯಲ್ಲಿ ಸಮುದಾಯ ಕಲಿಕೆ ಮತ್ತು ಸಾರ್ವಜನಿಕ ಅನುದಾನ

ಸಾರಾಂಶ

ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಸರಕಾರಿ ಶಾಲೆಗಳು ಚುನಾವಣೆ ಬಂದಾಗ ಮತಗಟ್ಟೆಗಳಾಗುತ್ತವೆ, ಕೃಷ್ಣೆ ಉಕ್ಕಿದಾಗ ಕಾಳಜಿ ಕೇಂದ್ರಗಳಾಗುತ್ತವೆ. ಈ ಎರಡೂ ಬಳಕೆಗಳ ಖರ್ಚಿಗೆ ಸರಕಾರದಲ್ಲಿ ದಾರಿ ಇದೆ. ಅದೇ ಕೋಣೆಯಲ್ಲಿ ಸಂಜೆ ಊರಿನ ದೊಡ್ಡವರು ಓದು ಕಲಿಯಲು ಕೂತರೆ ಶಾಲೆಯ ಅನುದಾನ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ಅನುದಾನವನ್ನು ಮಕ್ಕಳ ದಾಖಲಾತಿಯಿಂದ ಮಾತ್ರ ಅಳೆಯುವುದೇ ಇದಕ್ಕೆ ಕಾರಣವೆಂದು ಈ ಲೇಖನ ವಾದಿಸುತ್ತದೆ. ಕಾನೂನು ಮತ್ತು ಯೋಜನೆಗಳ ಮಾರ್ಗಸೂಚಿಗಳು ಈ ಅಧ್ಯಯನಕ್ಕೆ ಆಧಾರ.

1. ಸೀಮೆ ಮತ್ತು ಶಾಲೆ

ಅಥಣಿಯಿಂದ ವಿಜಯಪುರದ ಕಡೆ ಹೋಗುವ ದಾರಿಯ ಐಗಳಿ, ಒಣ ಬೇಸಾಯ ಮತ್ತು ದ್ರಾಕ್ಷಿ ತೋಟಗಳ ಸೀಮೆಗೆ ಸೇರಿದ ಊರು. ಪಶ್ಚಿಮಕ್ಕೆ ಸರಿದಂತೆ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳತ್ತ, ಕೃಷ್ಣೆಯ ನೀರು ಮತ್ತು ಕಬ್ಬು ನೆಲದ ಸ್ವರೂಪವನ್ನೇ ಬದಲಿಸುತ್ತವೆ. ಒಂದು ಲಕ್ಷಣ ಮಾತ್ರ ಎರಡೂ ಕಡೆ ಸಮಾನ. ರೈತ ಕುಟುಂಬಗಳು ಊರಗಟ್ಟು ಬಿಟ್ಟು ಹೊಲದಲ್ಲೇ ಮನೆ ಕಟ್ಟಿಕೊಂಡಿವೆ. ಈ ತೋಟದ ವಸತಿಗಳಿಗಾಗಿ ಹುಟ್ಟಿದವು 'ತೋಟದ ಶಾಲೆ'ಗಳು: ಒಂದೆರಡು ಕೋಣೆ, ಒಬ್ಬಿಬ್ಬರು ಶಿಕ್ಷಕರು, ಕೆಲವೇ ಮಕ್ಕಳು. ಗಡಿಯ ಊರುಗಳಲ್ಲಿ ಕನ್ನಡ, ಮರಾಠಿ, ಉರ್ದು ಮಾಧ್ಯಮಗಳಿಗೆ ಬೇರೆ ಬೇರೆ ಶಾಲೆಗಳಿರುವುದರಿಂದ ಮಕ್ಕಳ ಸಂಖ್ಯೆ ಇನ್ನಷ್ಟು ಹಂಚಿಹೋಗುತ್ತದೆ.

ಗ್ರಾಮ ಪಂಚಾಯತಿ ಕಚೇರಿ, ಗ್ರಂಥಾಲಯ, ಸಮುದಾಯ ಭವನ ಎಲ್ಲವೂ ಮೂಲ ಊರಿನಲ್ಲಿ. ತೋಟದಲ್ಲಿ ಸಾರ್ವಜನಿಕ ಕಟ್ಟಡವೆಂದರೆ ಬಹುಮಟ್ಟಿಗೆ ಶಾಲೆ, ಅದರ ಪಕ್ಕಕ್ಕೊಂದು ಅಂಗನವಾಡಿ. ಈ ಸೀಮೆ ಸೇರಿರುವ ಬೆಳಗಾವಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 73ರಷ್ಟಿತ್ತು, ಮಹಿಳೆಯರಲ್ಲಿ ಶೇ 65ನ್ನೂ ಮುಟ್ಟಿರಲಿಲ್ಲ. ಹಗಲೆಲ್ಲ ಹೊಲದಲ್ಲಿ ದುಡಿಯುವ ಹೆಣ್ಣುಮಗಳು ಸಂಜೆ ನಡೆದು ತಲುಪಬಹುದಾದ ಕಲಿಕೆಯ ಜಾಗ ಈ ಶಾಲೆಯೊಂದೇ.

ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿ 1ರಿಂದ 5ನೇ ತರಗತಿಗೆ ವರ್ಷಕ್ಕೆ 800 ಬೋಧನಾ ಗಂಟೆಗಳನ್ನೂ 6ರಿಂದ 8ನೇ ತರಗತಿಗೆ 1,000 ಗಂಟೆಗಳನ್ನೂ ಗೊತ್ತುಪಡಿಸಿದೆ. ವರ್ಷದಲ್ಲಿರುವುದು 8,760 ಗಂಟೆ. ರಾತ್ರಿಯ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿದರೂ, ಸಾರ್ವಜನಿಕ ಹಣದಿಂದ ಎದ್ದ ಈ ಕಟ್ಟಡ ಬಹುಪಾಲು ಸಮಯ ಬೀಗದಲ್ಲಿರುತ್ತದೆ.

2. ಊರಿನ ಹಣದಿಂದ ದಾಖಲಾತಿಯ ಹಣಕ್ಕೆ

1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಅಥಣಿ ಸೀಮೆಯ ಶಾಲೆಗಳಿಗೆ ಮೊದಲ ಸ್ಥಿರ ಆದಾಯ ಬಂದದ್ದು ಭೂಕಂದಾಯದಿಂದ. 1860ರ ದಶಕದಲ್ಲಿ ಜಾರಿಗೆ ಬಂದು 1869ರ ಕಾಯ್ದೆಯಿಂದ ಗಟ್ಟಿಯಾದ ಸ್ಥಳೀಯ ನಿಧಿ ಕರದಂತೆ, ಕಂದಾಯದ ಪ್ರತಿ ರೂಪಾಯಿಯ ಮೇಲೆ ಒಂದು ಆಣೆ ವಸೂಲಾಗುತ್ತಿತ್ತು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮೊದಲಾದ ಕೆಲಸಗಳಿಗೆ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿರಲಿ, ಇಲ್ಲದಿರಲಿ, ಹೊಲವಿದ್ದವರೆಲ್ಲ ಶಾಲೆಗೆ ಹಣ ಕೊಟ್ಟರು. ಮುಂದೆ ಶಿಕ್ಷಣದ ವೆಚ್ಚ ರಾಜ್ಯದ ಬೊಕ್ಕಸಕ್ಕೆ, ಆಮೇಲೆ ಕೇಂದ್ರ ಮತ್ತು ರಾಜ್ಯದ ಜಂಟಿ ಯೋಜನೆಗಳಿಗೆ ಸಾಗಿತು. ಹಣ ಹೆಚ್ಚಿತು, ಶಾಲೆ ಎಲ್ಲ ಜಾತಿಯ ಮಕ್ಕಳಿಗೂ ತೆರೆಯಿತು. ಆದರೆ ಅನುದಾನದ ಲೆಕ್ಕದೊಳಗೆ ಕರ ಕೊಡುವ ಇಡೀ ಊರಿನ ಜಾಗಕ್ಕೆ ದಾಖಲಾದ ಮಗು ಬಂದಿತು.

2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ಕರ್ನಾಟಕದ್ದು ಶೇ 40. ಅದರ ಪರಿಷ್ಕೃತ ಮಾರ್ಗಸೂಚಿಯಂತೆ 30ರವರೆಗೆ ಮಕ್ಕಳಿರುವ ಶಾಲೆಗೆ ವಾರ್ಷಿಕ ಸಂಯುಕ್ತ ಅನುದಾನ 10,000 ರೂ., 100ರವರೆಗೆ 25,000 ರೂ., 250ರವರೆಗೆ 50,000 ರೂ., 1,000ದವರೆಗೆ 75,000 ರೂ. ಇದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಮೀಸಲು. ತಲೆಯ ಲೆಕ್ಕದಲ್ಲಿ ಚಿಕ್ಕ ಶಾಲೆಗೆ ನಷ್ಟವಾದಂತೆ ಕಾಣದು. ಆದರೆ ಸುಣ್ಣಬಣ್ಣ, ಹಂಚು, ನಲ್ಲಿ, ಬೀಗಗಳ ಖರ್ಚು ಮಕ್ಕಳ ಸಂಖ್ಯೆಗೆ ತಕ್ಕಂತೆ ಇಳಿಯುವುದಿಲ್ಲ. 28 ಮಕ್ಕಳ ತೋಟದ ಶಾಲೆಯೊಂದನ್ನು ಊಹಿಸಿ: ಸ್ವಚ್ಛತೆಯ ಪಾಲು ಕಳೆದರೆ ತಿಂಗಳಿಗೆ ಉಳಿಯುವುದು 750 ರೂ. ಸಂಜೆಯ ಕಲಿಕೆಯ ವಿಚಾರ ಅಲ್ಲಿಗೇ ಮುಗಿಯಿತು.

3. ಪ್ರೇರಕರು ಹೋದ ಮೇಲೆ

2009ರ ಸೆಪ್ಟೆಂಬರ್ 8ರಂದು ಆರಂಭವಾಗಿ 2018ರ ಮಾರ್ಚ್‌ವರೆಗೆ ನಡೆದ ಸಾಕ್ಷರ ಭಾರತ ಯೋಜನೆ, ಅದು ಜಾರಿಯಲ್ಲಿದ್ದ ಜಿಲ್ಲೆಗಳ ಗ್ರಾಮ ಪಂಚಾಯತಿಗಳಲ್ಲಿ ಲೋಕ ಶಿಕ್ಷಣ ಕೇಂದ್ರಗಳನ್ನು ತೆರೆಯಿತು. ಪ್ರತಿ ಕೇಂದ್ರಕ್ಕೆ ಇಬ್ಬರು ಪ್ರೇರಕರು, ಒಬ್ಬೊಬ್ಬರಿಗೆ ತಿಂಗಳಿಗೆ 2,000 ರೂ. ಗೌರವಧನ. ಅಂದರೆ ಪಂಚಾಯತಿಯೊಂದಕ್ಕೆ ವರ್ಷಕ್ಕೆ 48,000 ರೂ. ಮೊತ್ತ ಸಣ್ಣದೇ, ಆದರೂ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗೆ ಅದು ಉತ್ತರ ಕೊಟ್ಟಿತ್ತು.

2022ರಿಂದ 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ 15 ವರ್ಷ ಮೇಲ್ಪಟ್ಟವರಿಗಾಗಿ ರೂಪುಗೊಂಡಿದೆ. ದೇಶಕ್ಕೆಲ್ಲ ಸೇರಿ ಅದರ ಅಂದಾಜು 1,037.90 ಕೋಟಿ ರೂ. ಇಲ್ಲಿ ಅನುಷ್ಠಾನದ ಘಟಕ ಶಾಲೆಯೇ, ಕಲಿಸುವವರು ಮಾತ್ರ ಸ್ವಯಂಸೇವಕರು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಶಾಲಾ ಅವಧಿಯ ನಂತರ ಮತ್ತು ವಾರಾಂತ್ಯದಲ್ಲಿ ಕಟ್ಟಡಗಳನ್ನು ವಯಸ್ಕರ ಕಲಿಕೆಗೆ ಬಳಸಲು ಹೇಳುತ್ತದೆ. ಹೊಣೆ ಶಾಲೆಯ ಹೆಗಲಿಗೆ ಬಂತು. ಹೊಣೆ ಹೊರುವವರ ಗೌರವಧನ ಹೋಯಿತು.

4. ಹಣಕ್ಕೆ ದಾರಿ ಇರುವ ಬಳಕೆಗಳು

ಮಕ್ಕಳ ಓದಿಗಲ್ಲದ ಕೆಲಸಕ್ಕೆ ಶಾಲೆಯ ಮೇಲೆ ಖರ್ಚು ಮಾಡಲು ಸರಕಾರಕ್ಕೆ ಬರುವುದಿಲ್ಲವೇ? ಬರುತ್ತದೆ. ಮತಗಟ್ಟೆಗೆ ಇಳಿಜಾರು, ಬೆಳಕು, ನೀರು, ಶೌಚಾಲಯ ಇರಲೇಬೇಕೆಂಬುದು ಚುನಾವಣಾ ಆಯೋಗದ ನಿಯಮ. 2019 ಮತ್ತು 2021ರ ಪ್ರವಾಹಗಳಲ್ಲಿ ನದಿದಡದ ಜನ ಶಾಲೆಗಳಲ್ಲಿ ತಂಗಿದಾಗ ವಿಪತ್ತು ನಿಧಿಯ ನಿಯಮಗಳು ಊಟೋಪಚಾರದ ವೆಚ್ಚಕ್ಕೆ ಅವಕಾಶ ಕೊಟ್ಟವು. ಶಾಲೆ ಇಡೀ ಊರಿನ ಆಸ್ತಿಯೆಂಬ ಒಪ್ಪಿಗೆ ಈ ಎರಡೂ ಸಂದರ್ಭಗಳಲ್ಲಿದೆ. ಆ ಒಪ್ಪಿಗೆ ನಿತ್ಯದ ಕಲಿಕೆಗೆ ವಿಸ್ತರಿಸಿಲ್ಲ.

ಸಂವಿಧಾನದಲ್ಲಂತೂ ಅಡ್ಡಿಯಿಲ್ಲ. ಹನ್ನೊಂದನೆಯ ಅನುಸೂಚಿಯ 17ರಿಂದ 20ರವರೆಗಿನ ಬಾಬುಗಳು ಕ್ರಮವಾಗಿ ಶಾಲಾ ಶಿಕ್ಷಣ, ವೃತ್ತಿ ತರಬೇತಿ, ವಯಸ್ಕರ ಶಿಕ್ಷಣ ಮತ್ತು ಗ್ರಂಥಾಲಯ. ಕಾಗದದ ಮೇಲೆ ಇವು ನೆರೆಹೊರೆ, ನೆಲದ ಮೇಲೆ ಹಂಚಿಹೋಗಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ವಸೂಲಾಗುವ ಶೇ 6ರ ಗ್ರಂಥಾಲಯ ಕರ ಒಂದು ಹಾದಿ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಪಂಚಾಯತಿ ಗ್ರಂಥಾಲಯ, ಅಂದರೆ ಇಂದಿನ ಅರಿವು ಕೇಂದ್ರ, ಇನ್ನೊಂದು. ಶಾಲೆಯ ಕಾಂಪೌಂಡ್, ಮೈದಾನಗಳಿಗೆ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಮತ್ತೊಂದು. ಸರಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರು ಕೊಡುವುದಾಗಿ 2023ರ ನವೆಂಬರ್ 1ರಂದು ಪ್ರಕಟವಾದ ನಿರ್ಧಾರ ಸಂಜೆಯ ಬೆಳಕಿನ ಚಿಂತೆಯನ್ನು ಹಗುರ ಮಾಡಬಲ್ಲದು. ಕಾವಲು, ಕಸಗುಡಿಕೆ ಮತ್ತು ನಡೆಸುವವರ ಗೌರವಧನದ ಪ್ರಶ್ನೆ ಉಳಿದೇ ಇದೆ.

ಈ ಕೊರತೆಯನ್ನು ದೇಣಿಗೆಯಿಂದ ತುಂಬುವ ಮಾತಿಗೆ ಮಿತಿಯಿದೆ. ಪಾಲಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಲು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿಗೆ (ಎಸ್‌ಡಿಎಂಸಿ) ಅವಕಾಶ ಕೊಟ್ಟ 2022ರ ಅಕ್ಟೋಬರ್‌ನ ಸುತ್ತೋಲೆ ವಿರೋಧ ಬಂದ ಕೂಡಲೇ ಹಿಂದೆ ಸರಿಯಿತು. ಹೊರಗಿನ ಅನುಭವವೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ಶೈರ್‌ನಲ್ಲಿ ಹೆನ್ರಿ ಮಾರಿಸ್ 1924ರಲ್ಲಿ ಮುಂದಿಟ್ಟ ಯೋಜನೆಯಂತೆ 1930ರಲ್ಲಿ ಸಾಸ್ಟನ್ ಗ್ರಾಮ ಕಾಲೇಜು ತೆರೆದಾಗ, ಮಕ್ಕಳ ಶಾಲೆಯೂ ದೊಡ್ಡವರ ಸಂಜೆ ತರಗತಿಯೂ ಮೊದಲಿನಿಂದಲೇ ಒಂದೇ ಆವರಣದಲ್ಲಿದ್ದವು. ಅಮೆರಿಕದಲ್ಲಿ 1994ರ ಕಾನೂನಿನಿಂದ ಹುಟ್ಟಿದ ಸಮುದಾಯ ಕಲಿಕಾ ಕೇಂದ್ರಗಳ ಕಾರ್ಯಕ್ರಮಕ್ಕೆ ಇಂದು ವರ್ಷಕ್ಕೆ ಸುಮಾರು 130 ಕೋಟಿ ಡಾಲರ್ ಪ್ರತ್ಯೇಕ ಅನುದಾನವಿದೆ. ಎರಡೂ ಕಡೆ ಸಂಜೆಯ ಕಲಿಕೆ ಬಜೆಟ್ಟಿನ ಭಾಗ.

5. ಆಕ್ಷೇಪಗಳು ಮತ್ತು ಪ್ರಸ್ತಾವ

ಆಕ್ಷೇಪಗಳು ಹಗುರವಲ್ಲ. ಶಿಕ್ಷಕರ ಮೇಲೆ ಮತದಾರರ ಪಟ್ಟಿ, ಸಮೀಕ್ಷೆ, ಬಿಸಿಯೂಟದ ಲೆಕ್ಕಗಳ ಹೊರೆ ಈಗಾಗಲೇ ಇದೆ. ಕತ್ತಲಾದ ಮೇಲೆ ಶಾಲೆಯಂಗಳ ಕುಡುಕರ, ಇಸ್ಪೀಟಾಟದವರ ಪಾಲಾಗುತ್ತದೆ ಎಂಬ ಭಯದಿಂದಲೇ ಎಷ್ಟೋ ಕಡೆ ಗೇಟಿಗೆ ಬೀಗ ಬೀಳುತ್ತದೆ. ಮಕ್ಕಳ ಹಣ ದೊಡ್ಡವರಿಗೆ ಹರಿದರೆ ಬಡ ಶಾಲೆ ಇನ್ನಷ್ಟು ಬಡವಾಗುತ್ತದೆ. ಇವಕ್ಕೆ ಉತ್ತರ ಕೊಡಬಲ್ಲ ಮೂರು ಕ್ರಮಗಳಿವೆ.

ಮೊದಲನೆಯದು, ಸಂಯುಕ್ತ ಅನುದಾನವನ್ನು ಮುಟ್ಟದೆ, ಶಾಲೆ ಸಂಜೆ ತೆರೆದಿರುವ ಗಂಟೆಗಳ ಮೇಲೆ ಪ್ರತ್ಯೇಕ 'ಬಳಕೆ ಅನುದಾನ' ಕೊಡುವುದು. ಇದರಿಂದ 28 ಮಕ್ಕಳ ತೋಟದ ಶಾಲೆಯೂ ಊರಿನ ದೊಡ್ಡ ಶಾಲೆಗೆ ಸಮನಾಗಿ ಪಡೆಯಬಲ್ಲದು. ಎರಡನೆಯದು, ನಡೆಸುವ ಹೊಣೆಯನ್ನು ಶಿಕ್ಷಕರಿಂದ ಬಿಡಿಸಿ, ಪಂಚಾಯತಿಯ ಅರಿವು ಕೇಂದ್ರಕ್ಕೆ ಸೇರಿದ, ಗೌರವಧನವಿರುವ ಒಬ್ಬ ಸ್ಥಳೀಯ ಪ್ರೇರಕಿಗೆ ಒಪ್ಪಿಸುವುದು. ಜನ ಸೇರುವ ಅಂಗಳಕ್ಕೆ ಕಾವಲಿನ ಅಗತ್ಯವೂ ಕಡಿಮೆ. ಮೂರನೆಯದು ಆಡಳಿತದ್ದು. 2001ರ ಆದೇಶದಿಂದ ಹುಟ್ಟಿ 2006ರ ಮಾದರಿ ಉಪವಿಧಿಗಳಿಂದ ಬೆಳೆದ ಎಸ್‌ಡಿಎಂಸಿಯಲ್ಲಿ, ಶಿಕ್ಷಣ ಹಕ್ಕು ಕಾಯ್ದೆಯಂತೆ, ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರು. ಶಾಲೆಯಲ್ಲಿ ಮಗುವಿಲ್ಲದ ಕಲಿಕಾರ್ಥಿಗೆ ಅಲ್ಲಿ ದನಿಯಿಲ್ಲ. ಸ್ವಸಹಾಯ ಸಂಘದ ಮಹಿಳೆಯರು ಮತ್ತು ಗ್ರಂಥಾಲಯ ಮೇಲ್ವಿಚಾರಕರನ್ನು ಒಳಗೊಂಡ ಉಪಸಮಿತಿಯೊಂದು ಬಳಕೆ ಅನುದಾನದ ಲೆಕ್ಕವನ್ನು ಗ್ರಾಮಸಭೆಗೆ ಒಪ್ಪಿಸಬೇಕು.

6. ಉಪಸಂಹಾರ

ತೋಟದ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದಾಗಲೆಲ್ಲ ವಿಲೀನದ ಮಾತು ಏಳುತ್ತದೆ. ದಾಖಲಾತಿಯೊಂದೇ ಅಳತೆಗೋಲಾದರೆ ಆ ಮಾತಿಗೆ ಎದುರಾಡುವುದು ಕಷ್ಟ. ಕಟ್ಟಡವನ್ನು ಎಷ್ಟು ಜನ, ಎಷ್ಟು ಹೊತ್ತು ಬಳಸುತ್ತಾರೆ ಎಂಬುದೂ ಲೆಕ್ಕಕ್ಕೆ ಬಂದರೆ ಅದೇ ಶಾಲೆ ಉಳಿಯಲು ಇನ್ನೊಂದು ಕಾರಣ ಸಿಗುತ್ತದೆ. ಐಗಳಿಯಂಥ ಊರುಗಳ ಮಟ್ಟಿಗೆ ಸಮುದಾಯ ಕಲಿಕಾ ಕೇಂದ್ರದ ಅನುದಾನ ವಯಸ್ಕರ ಶಿಕ್ಷಣದ ಬಾಲಂಗೋಚಿಯಲ್ಲ. ಚಿಕ್ಕ ಸರಕಾರಿ ಶಾಲೆಯನ್ನು ಉಳಿಸಿಕೊಳ್ಳುವ ಆರ್ಥಿಕ ನೀತಿಯೂ ಅದೇ.